ಹಿತ್ತಿಲ ಕೊಳದಲ್ಲಿ ನರಳುವ ಮೀನುಗಳು: ನೀರು ಸರಿಪಡಿಸುವುದರಿಂದ ಕೊನೆಯ ನಿರ್ಧಾರದವರೆಗೆ

ವಯಸ್ಸಾದ ತಂದೆತಾಯಿ ಮಕ್ಕಳ ಊರಿಗೆ ಹೊರಟುಹೋದ ಮೇಲೆ, ಅಥವಾ ಹಳೆಯ ಮನೆ ಮಾರಾಟವಾಗಿ ಹೊಸಬರ ಕೈಗೆ ಬಂದಾಗ, ಹಿತ್ತಿಲ ಮೂಲೆಯ ಸಿಮೆಂಟಿನ ಕೊಳ ಯಾರ ಗಮನಕ್ಕೂ ಬಾರದೆ ಉಳಿದುಬಿಡುತ್ತದೆ. ಪಂಪು ಕೆಟ್ಟು ತಿಂಗಳುಗಳಾಗಿರುತ್ತವೆ, ಮೇಲಿನ ಮಾವಿನ ಮರದ ಎಲೆಗಳು ತಳದಲ್ಲಿ ಕೊಳೆತು ಕಪ್ಪು ಹೂಳಾಗಿರುತ್ತವೆ, ಆ ಹಸಿರು ನೀರಿನೊಳಗೆ ಕೋಯಿ ಎಂಬ ಬಣ್ಣದ ಕಾರ್ಪ್, ಗೋಲ್ಡ್‌ಫಿಶ್ ಮೀನುಗಳು ಹೇಗೋ ಬದುಕಿರುತ್ತವೆ. ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ನಮ್ಮ ಬಂಧುಗಳ ಮನೆಯ ಇಂಥ ಕೊಳದ ಹೊಣೆ ನನಗೆ ಬಂದಾಗ ಅದರಲ್ಲಿ ಹನ್ನೊಂದು ಕೋಯಿಗಳಿದ್ದವು. ಒಂದರ ಪಕ್ಕೆಯಲ್ಲಿ ಹುಣ್ಣು ಬಾಯಿತೆರೆದಿತ್ತು, ಇನ್ನೊಂದು ಓರೆಯಾಗಿ ತೇಲುತ್ತಿತ್ತು, ಉಳಿದವು ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ಗಾಳಿ ನುಂಗುತ್ತಿದ್ದವು. ಕೊಳಕು ನೀರೇ ಎಲ್ಲಕ್ಕೂ ಕಾರಣವೆಂದು ಭಾವಿಸಿ ಅಂದೇ ಮುಕ್ಕಾಲು ನೀರನ್ನು ಹೊರಗೆ ಸುರಿದು ಬೋರ್‌ವೆಲ್ ನೀರು ತುಂಬಿಸಿದೆ. ಮರುದಿನ ಬೆಳಗ್ಗೆ ಆರು ಮೀನುಗಳು ಸತ್ತು ತೇಲುತ್ತಿದ್ದವು. ನರಳುತ್ತಿದ್ದ ಎರಡು ಮೀನುಗಳು ಅವುಗಳಲ್ಲಿರಲಿಲ್ಲ. ಸತ್ತವೆಲ್ಲ ಹಿಂದಿನ ದಿನ ಮೇಲೆ ಬಂದು ಗಾಳಿ ನುಂಗುತ್ತಿದ್ದರೂ ಉಳಿದಂತೆ ಗಟ್ಟಿಮುಟ್ಟಾಗಿ ಕಂಡಿದ್ದವು.

ಆ ತಪ್ಪಿನ ಕಾರಣವನ್ನು ತಿಳಿದುಕೊಳ್ಳಲು ನನಗೆ ಬಹಳ ದಿನ ಬೇಕಾಯಿತು. ಹಾಳುಬಿದ್ದ ಕೊಳದ ಮುಂದೆ ನಿಂತವರಿಗೆ ಎರಡು ಬಗೆಯ ನಿರ್ಧಾರಗಳು ಎದುರಾಗುತ್ತವೆ. ನೀರಿನ ಬಗೆಗಿನ ನಿರ್ಧಾರ ಮೊದಲಿನದು, ಒಂದೊಂದು ಮೀನಿನ ಬದುಕಿನ ಬಗೆಗಿನದು ಅನಂತರದ್ದು. ನೀರು ಸರಿಯಾಗುವ ಮೊದಲು ಯಾವ ಮೀನಿನ ಬಗ್ಗೆಯೂ ತೀರ್ಮಾನ ಮಾಡಬಾರದು. ನೀರು ಸರಿಯಾದ ಮೇಲೆ ಆ ತೀರ್ಮಾನವನ್ನು ಮುಂದೂಡುತ್ತಲೂ ಹೋಗಬಾರದು.

ಮೊದಲ ದಿನ: ಗಾಳಿ ಕೊಡಿ, ನೀರು ಬದಲಿಸಬೇಡಿ

ಮೇಲ್ಮೈಯಲ್ಲಿ ಬಾಯಿ ತೆರೆಯುತ್ತಿರುವ ಮೀನಿಗೆ ತಕ್ಷಣ ಬೇಕಾದದ್ದು ಆಮ್ಲಜನಕ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ಸಿಹಿನೀರು ಹೆಚ್ಚೆಂದರೆ ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ನೀರು ಬಿಸಿಯಾದಷ್ಟೂ ಈ ಪ್ರಮಾಣ ಇಳಿಯುತ್ತದೆ. ಕೋಯಿ ನೆಮ್ಮದಿಯಾಗಿರಲು 5 ಮಿಲಿಗ್ರಾಂಗಿಂತ ಹೆಚ್ಚು ಇರಬೇಕು. ಪಾಚಿ ತುಂಬಿದ ಕೊಳದಲ್ಲಿ ಹಗಲಿನಲ್ಲಿ ಆಮ್ಲಜನಕ ಹೇರಳವಾಗಿದ್ದರೂ ರಾತ್ರಿಯಿಡೀ ಆ ಪಾಚಿಯೂ ತಳದ ಕೊಳೆತವೂ ಅದನ್ನೇ ಬಳಸಿಕೊಳ್ಳುವುದರಿಂದ ಬೆಳಗಿನ ಜಾವಕ್ಕೆ ಅದು ತೀರಾ ಕಡಿಮೆಯಾಗಿರುತ್ತದೆ. ಆದ್ದರಿಂದ ಸೂರ್ಯೋದಯಕ್ಕೆ ಮೊದಲು ಒಮ್ಮೆ ಮತ್ತು ಮಧ್ಯಾಹ್ನ ಇನ್ನೊಮ್ಮೆ ಹೋಗಿ ನೋಡಿ. ಬೆಳಗ್ಗೆ ಮಾತ್ರ ಮೇಲೆ ಬಂದು ಮಧ್ಯಾಹ್ನ ಸಹಜವಾಗಿ ಈಜುವ ಮೀನಿಗೆ ಆಮ್ಲಜನಕದ ಕೊರತೆ ಇರುತ್ತದೆ. ದಿನವಿಡೀ ಮೇಲೆಯೇ ಇರುವ ಮೀನಿನ ಕಿವಿರಿಗೆ ಹಾನಿಯಾಗಿರಬಹುದು, ಇಲ್ಲವೆ ನೀರಿನಲ್ಲಿ ನಂಜಿರಬಹುದು.

ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಏರ್ ಪಂಪನ್ನು ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ಎರಡು ಮೂರು ಗಾಳಿಕಲ್ಲುಗಳೊಂದಿಗೆ ಹಗಲು ರಾತ್ರಿ ಓಡಿಸಿ. ಗಾಳಿಕಲ್ಲುಗಳು ತಳಕ್ಕೆ ತಾಗದಂತೆ ನೀರಿನ ನಡುಮಟ್ಟದಲ್ಲಿ ತೂಗಬೇಕು. ತಳದ ಕಪ್ಪು ಹೂಳಿನಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಸೇರಿಕೊಂಡಿರುತ್ತದೆ, ಅದು ಕದಡಿ ಮೇಲೆದ್ದರೆ ಮೀನುಗಳು ನಿಮಿಷಗಳಲ್ಲಿ ಸಾಯಬಹುದು. ಇದೇ ಕಾರಣಕ್ಕೆ ಮೊದಲ ವಾರ ಹೂಳು ತೆಗೆಯುವುದೂ ಬೇಡ, ಕೊಳಕ್ಕೆ ಇಳಿಯುವುದೂ ಬೇಡ. ಮೇಲೆ ತೇಲುವ ಎಲೆಗಳನ್ನು ಕೈಬಲೆಯಿಂದ ನಿಧಾನವಾಗಿ ತೆಗೆದರೆ ಸಾಕು. ಕರೆಂಟ್ ಹೋದರೆ ಅದೇ ಕೊಳದ ನೀರನ್ನು ಬಕೆಟ್ಟಿನಲ್ಲಿ ಮೊಗೆದು ಎತ್ತರದಿಂದ ಮತ್ತೆ ಸುರಿಯುತ್ತಿರಬೇಕು.

ನೀರು ಸುಧಾರಿಸುವವರೆಗೆ ಆಹಾರವನ್ನು ಪೂರ್ತಿ ನಿಲ್ಲಿಸಿ. ಹಸಿದಿರಬಹುದೆಂದು ಅನ್ನ, ಬ್ರೆಡ್ಡು, ಮಂಡಕ್ಕಿ ಹಾಕುವುದು ಕನಿಕರದಿಂದಲೇ ಆದರೂ, ತಿಂದದ್ದೂ ತಿನ್ನದೆ ಉಳಿದದ್ದೂ ಕೊನೆಗೆ ಮೀನಿಗೆ ನಂಜಾದ ಅಮೋನಿಯಾ ಆಗುತ್ತದೆ. ಬೆಳೆದ ಕೋಯಿಯೊಂದು ಒಂದೆರಡು ವಾರ ಆಹಾರವಿಲ್ಲದೆ ಇರಬಲ್ಲದು, ಆದರೆ ಕೆಟ್ಟ ನೀರಿನಲ್ಲಿ ಒಂದು ದಿನವನ್ನೂ ತಾಳಲಾರದೆ ಹೋಗಬಹುದು.

ಎರಡನೆಯ ಹೆಜ್ಜೆ: ಕೊಳವನ್ನೂ ನೀರನ್ನೂ ಅಳೆಯುವುದು

ಉದ್ದ, ಅಗಲ ಮತ್ತು ನೀರಿನ ಆಳವನ್ನು ಮೀಟರುಗಳಲ್ಲಿ ಅಳೆದು ಗುಣಿಸಿ, ಬಂದ ಮೊತ್ತವನ್ನು 1000ದಿಂದ ಗುಣಿಸಿದರೆ ಲೀಟರುಗಳು ಸಿಗುತ್ತವೆ. 3 ಮೀಟರ್ ಉದ್ದ, 2 ಮೀಟರ್ ಅಗಲ, 60 ಸೆಂಟಿಮೀಟರ್ ಆಳದ ಕೊಳದಲ್ಲಿ 3600 ಲೀಟರ್ ನೀರಿರುತ್ತದೆ. ಮುಂದೆ ಉಪ್ಪಾಗಲಿ ಔಷಧವಾಗಲಿ ಈ ಲೆಕ್ಕದ ಮೇಲೆಯೇ ನಿಂತಿರುವುದರಿಂದ ಅಂದಾಜಿಗೆ ಬಿಡಬೇಡಿ.

ಅನಂತರ ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಕಿಟ್ ತಂದು ಪಿಎಚ್ (ನೀರಿನ ಹುಳಿ, ಕ್ಷಾರಗುಣದ ಅಳತೆ; 7ಕ್ಕಿಂತ ಕಡಿಮೆಯಾದರೆ ಹುಳಿ), ಅಮೋನಿಯಾ, ನೈಟ್ರೈಟ್ (ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ಮಾರ್ಪಡಿಸಿದಾಗ ಹುಟ್ಟುವ ಇನ್ನೊಂದು ನಂಜು) ಈ ಮೂರನ್ನೂ ಬೆಳಗ್ಗೆ ಮತ್ತು ಸಂಜೆ ನೋಡಿ ಬರೆದಿಟ್ಟುಕೊಳ್ಳಿ. ಇದರ ಜೊತೆಗೆ ತುಂಬಿಸಲಿರುವ ಬೋರ್‌ವೆಲ್ ಅಥವಾ ನಲ್ಲಿ ನೀರಿನ ಪಿಎಚ್ ಅನ್ನೂ ಅಳೆಯಬೇಕು. ನಾನು ಆರು ಮೀನುಗಳನ್ನು ಕಳೆದುಕೊಂಡದ್ದು ಈ ಒಂದು ಅಳತೆ ಮಾಡದ ಕಾರಣಕ್ಕೆ, ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ.

ವರ್ಷಗಟ್ಟಲೆ ನೀರು ಬದಲಿಸದ ಕೊಳದಲ್ಲಿ ಮೀನಿನ ತ್ಯಾಜ್ಯವನ್ನು ಜೀರ್ಣಿಸುವ ಬ್ಯಾಕ್ಟೀರಿಯಾಗಳು ಕೆಲಸ ಮಾಡುತ್ತ ಮಾಡುತ್ತ ನೀರಿನ ಕ್ಷಾರಗುಣವನ್ನು ಖರ್ಚುಮಾಡಿಬಿಡುತ್ತವೆ. ಪಿಎಚ್ 6ರ ಆಸುಪಾಸಿಗೆ ಕುಸಿದಾಗ ಆ ಬ್ಯಾಕ್ಟೀರಿಯಾಗಳ ಕೆಲಸವೂ ಬಹುಪಾಲು ನಿಂತು ತ್ಯಾಜ್ಯ ಸಂಗ್ರಹವಾಗುತ್ತ ಹೋಗುತ್ತದೆ, ಆದರೆ ಹುಳಿ ನೀರಿನಲ್ಲಿ ಅದು ಅಮೋನಿಯಂ ಎಂಬ, ಮೀನಿಗೆ ಅಷ್ಟಾಗಿ ತಾಗದ ರೂಪದಲ್ಲಿ ಇರುತ್ತದೆ. ಮೀನುಗಳು ಆ ನೀರಿಗೆ ನಿಧಾನವಾಗಿ ಒಗ್ಗಿಕೊಂಡಿರುತ್ತವೆ. ಇಂಥ ಕೊಳಕ್ಕೆ ಪಿಎಚ್ 8ರ ಗಡಸು ಬೋರ್‌ವೆಲ್ ನೀರನ್ನು ಒಮ್ಮೆಲೇ ತುಂಬಿದರೆ ಉಳಿದ ನೀರಿನ ಅಮೋನಿಯಂನ ಒಂದು ಪಾಲು ಗಳಿಗೆಯಲ್ಲಿ ನಂಜಿನ ಅಮೋನಿಯಾ ಆಗಿ ಬದಲಾಗುತ್ತದೆ. 25 ಡಿಗ್ರಿ ಉಷ್ಣತೆಯಲ್ಲಿ, ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ನಂಜಿನ ರೂಪದಲ್ಲಿರುತ್ತದೆ, 8ರಲ್ಲಿ ಸುಮಾರು ಐದು ಪಾಲು, 9ರಲ್ಲಿ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು. ಕಿಟ್ಟಿನಲ್ಲಿ ಒಂದೇ ಬಣ್ಣ ತೋರಿಸುವ ನೀರು ಒಂದು ಕೊಳದಲ್ಲಿ ಸಹ್ಯವಾಗಿದ್ದು ಇನ್ನೊಂದರಲ್ಲಿ ಕೊಲ್ಲುವುದು ಇದರಿಂದಲೇ.

ಹಸಿರು ಪಾಚಿಯ ಕೊಳದಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಅಲ್ಲಿ ಬಿಸಿಲೇರಿದಂತೆ ಪಾಚಿ ಇಂಗಾಲದ ಡೈಆಕ್ಸೈಡನ್ನು ಹೀರಿ ಸಂಜೆಯ ಹೊತ್ತಿಗೆ ಪಿಎಚ್ 9 ದಾಟಿರಬಹುದು, ಬೆಳಗ್ಗೆ ಮತ್ತೆ 7ಕ್ಕೆ ಇಳಿದಿರಬಹುದು. ಎರಡು ಹೊತ್ತಿನ ಅಳತೆ ಬೇಕೆನ್ನುವುದು ಇದಕ್ಕಾಗಿ.

ಮೂರನೆಯ ಹೆಜ್ಜೆ: ನೀರನ್ನು ದಿನಕ್ಕಿಷ್ಟೆಂದು ಬದಲಿಸುವುದು

ಕೊಳದ ನೀರಿಗೂ ಹೊಸ ನೀರಿಗೂ ಪಿಎಚ್ ಅಂತರ ಹೆಚ್ಚಿದ್ದರೆ ದಿನಕ್ಕೆ ನೂರರಲ್ಲಿ ಐದರಿಂದ ಹತ್ತು ಪಾಲು ಮಾತ್ರ ಬದಲಿಸಿ. 3600 ಲೀಟರಿನ ಕೊಳಕ್ಕೆ ಇದು 180ರಿಂದ 360 ಲೀಟರ್, ಅಂದರೆ 15 ಲೀಟರಿನ ಬಕೆಟ್ಟಿನಲ್ಲಿ ಹನ್ನೆರಡರಿಂದ ಇಪ್ಪತ್ತನಾಲ್ಕು ಸಲ. ಪ್ರತಿ ಸಲವೂ ಅಳೆಯಿರಿ, ಅಮೋನಿಯಾ ಇಳಿಯುತ್ತಿದೆ ಎಂದು ಖಾತ್ರಿಯಾದ ಮೇಲೆ ಪ್ರಮಾಣ ಹೆಚ್ಚಿಸಿ. ಅಮೋನಿಯಾವನ್ನು ಹಿಡಿದಿಡುವ ದ್ರಾವಣ ಅಂಗಡಿಯಲ್ಲಿ ಸಿಕ್ಕರೆ ಈ ದಿನಗಳಲ್ಲಿ ಅದು ಉಪಯುಕ್ತ. ಪಿಎಚ್ ಕುಸಿದ ಕೊಳಕ್ಕೆ ಅಡುಗೆ ಸೋಡಾ ಹಾಕಿ ಸರಿಪಡಿಸುವ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಅದು ಸರಿಯಾದ ವಿಧಾನವೇ ಆದರೂ ಅಮೋನಿಯಾ ಇಳಿದ ಮೇಲೆ ಮಾತ್ರ ಮಾಡಬೇಕಾದದ್ದು.

ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅದನ್ನು ತೆರೆದ ಡ್ರಮ್ಮಿನಲ್ಲಿ ಗಾಳಿ ಆಡಿಸುತ್ತ ಒಂದು ದಿನ ಇಡಿ, ಅಥವಾ ನೂರು ಲೀಟರಿಗೆ ಒಂದು ಗ್ರಾಮಿನಂತೆ ಸೋಡಿಯಂ ಥಯೋಸಲ್ಫೇಟ್ ಕರಗಿಸಿ. ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ ಇರದಿದ್ದರೂ ಆಮ್ಲಜನಕ ತೀರಾ ಕಡಿಮೆ ಇರುತ್ತದೆ, ಅದನ್ನು ಪೈಪಿನಿಂದ ನೇರವಾಗಿ ಬಿಡದೆ ತುಂತುರಾಗಿ ಬೀಳುವಂತೆ ಮಾಡಿ.

ನೈಟ್ರೈಟ್ ಕಂಡರೆ ಕಲ್ಲುಪ್ಪು ಬೇಕು. ನೈಟ್ರೈಟ್ ಮೀನಿನ ರಕ್ತಕ್ಕೆ ಸೇರಿ ಅದು ಆಮ್ಲಜನಕ ಒಯ್ಯದಂತೆ ಮಾಡುತ್ತದೆ, ಕಿವಿರು ಕಂದು ಬಣ್ಣಕ್ಕೆ ತಿರುಗುತ್ತದೆ. ಉಪ್ಪಿನ ಕ್ಲೋರೈಡು ನೈಟ್ರೈಟನ್ನು ಕಿವಿರಿನ ಬಾಗಿಲಲ್ಲೇ ತಡೆಯುತ್ತದೆ. ಸಾವಿರ ಲೀಟರಿಗೆ ಒಂದು ಕಿಲೋದಂತೆ, ಮೊದಲು ಬಕೆಟ್ಟಿನಲ್ಲಿ ಕರಗಿಸಿ ಎರಡು ದಿನಗಳಲ್ಲಿ ಹಂಚಿ ಹಾಕಿ. ಕೊಳದಲ್ಲಿ ಅಮೋನಿಯಾ ಹೀರುವ ಜಿಯೋಲೈಟ್ ಕಲ್ಲುಗಳಿದ್ದರೆ ಉಪ್ಪು ಹಾಕುವ ಮೊದಲು ಅವನ್ನು ತೆಗೆದುಬಿಡಿ, ಏಕೆಂದರೆ ಉಪ್ಪು ಸೋಕಿದ ಜಿಯೋಲೈಟ್ ತಾನು ಹೀರಿದ್ದನ್ನೆಲ್ಲ ಮತ್ತೆ ನೀರಿಗೆ ಬಿಡುತ್ತದೆ.

ನಾಲ್ಕನೆಯ ಹೆಜ್ಜೆ: ಒಂದೊಂದು ಮೀನನ್ನೂ ಬೇರೆಯಾಗಿ ನೋಡುವುದು

ನೀರು ಸುಧಾರಿಸತೊಡಗಿದ ಮೂರು ನಾಲ್ಕು ದಿನಗಳಲ್ಲಿ ಮೀನುಗಳು ತಾವಾಗಿಯೇ ಎರಡು ಗುಂಪಾಗುತ್ತವೆ. ಹೆಚ್ಚಿನವು ಕೆಳಗಿಳಿದು ಜೊತೆಯಾಗಿ ಈಜತೊಡಗುತ್ತವೆ, ಸಾಯುವಂತೆ ಕಂಡದ್ದು ಆಹಾರ ಹುಡುಕುತ್ತ ಬರುತ್ತದೆ. ಮೊದಲ ದಿನವೇ ಕೊನೆಯ ತೀರ್ಮಾನ ಮಾಡಬೇಡಿ ಎನ್ನುವುದು ಇದಕ್ಕಾಗಿಯೇ. ಹಾಗೆ ಸುಧಾರಿಸದೆ ಉಳಿದ ಮೀನುಗಳಿಗೆ ಈಗ ಸರದಿ.

ಒಂದು ಪುಸ್ತಕದಲ್ಲಿ ಪ್ರತಿ ಮೀನಿಗೂ ಒಂದು ಪುಟ ಕೊಟ್ಟು ನಾಲ್ಕು ಪ್ರಶ್ನೆಗಳಿಗೆ ದಿನವೂ ಉತ್ತರ ಬರೆಯಿರಿ. ಆಹಾರ ಹಾಕಿದಾಗ ಬರುತ್ತದೆಯೆ, ನೆಟ್ಟಗೆ ಈಜುತ್ತದೆಯೆ, ನೆರಳು ಬಿದ್ದರೆ ದೂರ ಸರಿಯುತ್ತದೆಯೆ, ಇತರ ಮೀನುಗಳ ಜೊತೆ ಇರುತ್ತದೆಯೆ. ನಾಲ್ಕಕ್ಕೂ ಮೂರು ದಿನ ಒಂದೇ ಸಮನೆ ಇಲ್ಲವೆಂಬ ಉತ್ತರ ಬಂದರೆ ಆ ಮೀನು ನಿಜವಾಗಿ ಸಂಕಟದಲ್ಲಿದೆ.

ಇಲ್ಲಿ ನೋಡುವವರ ಹೇಸಿಗೆಯನ್ನೂ ಮೀನಿನ ನೋವನ್ನೂ ಬೇರೆ ಮಾಡಿಕೊಳ್ಳಬೇಕು. ಒಂದು ಕಣ್ಣು ಹೋದ ಕೋಯಿ ಬದುಕುತ್ತದೆ, ಎರಡೂ ಕಣ್ಣು ಹೋದದ್ದು ಕೂಡ ಪರಿಚಿತ ಕೊಳದಲ್ಲಿ ವಾಸನೆಯಿಂದ ಆಹಾರ ಕಂಡುಕೊಳ್ಳಬಲ್ಲದು. ಬೆನ್ನು ಬಾಗಿದ ಮೀನು ತಿನ್ನುತ್ತ ಈಜುತ್ತಿದ್ದರೆ ಅದಕ್ಕೆ ಬೇಡವಾದದ್ದೇನೂ ಆಗಿಲ್ಲ. ಹರಿದ ಬಾಲದ ರೆಕ್ಕೆ ಶುದ್ಧ ನೀರಿನಲ್ಲಿ ಮತ್ತೆ ಬೆಳೆಯುತ್ತದೆ. ನನ್ನ ಕೊಳದಲ್ಲಿ ಪಕ್ಕೆಯ ಹುಣ್ಣಿನಿಂದ ಎಲ್ಲರೂ ಕೈಬಿಟ್ಟಿದ್ದ ಮೀನು ಆರು ವಾರಗಳಲ್ಲಿ ಗುಣವಾಯಿತು, ಹುಣ್ಣಿದ್ದ ಜಾಗದಲ್ಲಿ ಹುರುಪೆಯಿಲ್ಲದ ಬಿಳಿ ಕಲೆ ಮಾತ್ರ ಉಳಿದಿದೆ.

ಮೀನಿಗೆ ನೋವು ತಿಳಿಯುವುದಿಲ್ಲ ಎನ್ನುವವರು ಮನೆಯಲ್ಲಿದ್ದರೆ ಅವರಿಗೆ 2003ರ ಪ್ರಯೋಗವನ್ನು ಹೇಳಬಹುದು. ಲಿನ್ ಸ್ನೆಡನ್ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ ಟ್ರೌಟ್ ಮೀನುಗಳ ತಲೆಯಲ್ಲಿ ನೋವಿನ ನರತುದಿಗಳನ್ನು ಗುರುತಿಸಿದರು. ತುಟಿಗೆ ಆಮ್ಲ ಚುಚ್ಚಿದ ಮೀನುಗಳು ತಳದ ಕಲ್ಲುಗಳಿಗೆ ತುಟಿ ಉಜ್ಜುತ್ತ, ಗಂಟೆಗಟ್ಟಲೆ ಆಹಾರ ಮುಟ್ಟದೆ ಉಳಿದವು.

ಐದನೆಯ ಹೆಜ್ಜೆ: ಚಿಕಿತ್ಸೆ, ಅದಕ್ಕೊಂದು ಗಡುವು

ನೂರು ಲೀಟರಿನ ಪ್ಲಾಸ್ಟಿಕ್ ಟಬ್ಬಿಗೆ ಅದೇ ಕೊಳದ, ಈಗ ಸುಧಾರಿಸಿದ ನೀರನ್ನು ತುಂಬಿ, ಗಾಳಿಕಲ್ಲು ಇಟ್ಟು, ನೆರಳಿನಲ್ಲಿರಿಸಿ, ಮೇಲೆ ಬಲೆ ಕಟ್ಟಿ. ಬಲೆ ಕಟ್ಟದ ಟಬ್ಬಿನಿಂದ ಕೋಯಿ ಹೊರಗೆ ಹಾರಿ ಸಾಯುವುದು ತೀರಾ ಸಾಮಾನ್ಯ. ಲೀಟರಿಗೆ 3 ಗ್ರಾಂ ಕಲ್ಲುಪ್ಪು ಹಾಕಿ, ದಿನವೂ ಅರ್ಧ ನೀರು ಬದಲಿಸಿ, ಹೊಸದಾಗಿ ಹಾಕಿದ ನೀರಿಗೆ ಮಾತ್ರ ಲೀಟರಿಗೆ ಅದೇ 3 ಗ್ರಾಮಿನಂತೆ ಉಪ್ಪು ಸೇರಿಸುತ್ತ ಬನ್ನಿ. ಗಾಯ, ಬಿಳಿಚುಕ್ಕೆ, ಹತ್ತಿಯಂಥ ಬೂಷ್ಟು, ರೆಕ್ಕೆ ಕೊಳೆತ ಇವುಗಳಲ್ಲಿ ಹಲವು ಇಷ್ಟಕ್ಕೇ ಇಳಿಮುಖವಾಗುತ್ತವೆ.

ಮೈಮೇಲೆ ಓಡಾಡುವ ಚಪ್ಪಟೆಯಾದ ಮೀನುಹೇನು, ಹುರುಪೆಯ ನಡುವಿನಿಂದ ದಾರದಂತೆ ನೇತಾಡುವ ಆಂಕರ್ ವರ್ಮ್ ಇವೆರಡೂ ನಮ್ಮ ಕಡೆಯ ಕೊಳಗಳಲ್ಲಿ ಹೇರಳ. ಮೀನನ್ನು ಒದ್ದೆ ಬಟ್ಟೆಯ ಮೇಲೆ ಮಲಗಿಸಿ, ಕಣ್ಣಿಗೆ ಒದ್ದೆ ಬಟ್ಟೆ ಮುಚ್ಚಿ, ಚಿಮುಟದಿಂದ ಹುಳವನ್ನು ಬುಡದ ಹತ್ತಿರ ಹಿಡಿದು ಎಳೆದು, ಆ ಜಾಗಕ್ಕೆ ಪೊವಿಡೋನ್ ಅಯೋಡಿನ್ ತಾಗಿಸಿ ಬೇಗ ನೀರಿಗೆ ಬಿಡಬೇಕು. ಮೆಡಿಕಲ್ ಶಾಪಿನಿಂದ ಮನುಷ್ಯರ ಆಂಟಿಬಯೋಟಿಕ್ ಗುಳಿಗೆ ತಂದು ಕೊಳಕ್ಕೆ ಪುಡಿಮಾಡಿ ಹಾಕಬೇಡಿ. ಅದು ರೋಗಕ್ಕಿಂತ ಮೊದಲು ಕೊಳದ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಆಳವಾದ ಹುಣ್ಣಿಗೆ ಔಷಧ ಬೇಕೆನಿಸಿದರೆ ಮೀನು ನೋಡುವ ಪಶುವೈದ್ಯರನ್ನೋ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಅಧಿಕಾರಿಯನ್ನೋ ಕೇಳಿ. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯ ಮೀನಿನ ರೋಗಗಳನ್ನು ಕಲಿಸುವ ಜಾಗ. ಸ್ಪಷ್ಟವಾದ ಫೋಟೋ ಮತ್ತು ನೀರಿನ ಅಳತೆಗಳ ಪಟ್ಟಿ ಕೈಯಲ್ಲಿದ್ದರೆ ತಿಳಿದವರು ಯಾರೇ ಆದರೂ ಸರಿಯಾಗಿ ಉತ್ತರಿಸಬಲ್ಲರು.

ಟಬ್ಬಿಗೆ ಹಾಕಿದ ದಿನವೇ ಗಡುವಿನ ದಿನಾಂಕವನ್ನೂ ಬರೆದಿಡಿ. ಗಾಯಕ್ಕೆ ಎರಡು ವಾರ, ತಿನ್ನದೆ ಓರೆಯಾಗಿ ತೇಲುವ ಮೀನಿಗೆ ಐದು ದಿನ ನಾನು ಇಟ್ಟುಕೊಂಡ ಲೆಕ್ಕ. ಗಡುವಿಲ್ಲದ ಚಿಕಿತ್ಸೆ ನಮ್ಮ ಮನಸ್ಸಿನ ಸಮಾಧಾನಕ್ಕಾಗಿ ಮೀನನ್ನು ನರಳಿಸುವುದಾಗಿ ಬದಲಾಗುತ್ತದೆ, ಬದಲಾದದ್ದು ನಮಗೆ ಗೊತ್ತೂ ಆಗುವುದಿಲ್ಲ.

ಆರನೆಯ ಹೆಜ್ಜೆ: ನಿರ್ಧಾರ

ಹೊಟ್ಟೆ ಉಬ್ಬಿ ಮೈಯ ಹುರುಪೆಗಳೆಲ್ಲ ನೆಟ್ಟಗೆ ನಿಂತ ಮೀನು, ಹುಣ್ಣು ಒಳಗಿನ ಅಂಗಗಳವರೆಗೆ ತೂತಾದ ಮೀನು, ಕಿವಿರಿನ ಅರ್ಧಕ್ಕಿಂತ ಹೆಚ್ಚು ಬೂದುಬಣ್ಣಕ್ಕೆ ತಿರುಗಿ ಕೊಳೆತ ಮೀನು, ಶುದ್ಧ ನೀರಿನಲ್ಲೂ ತಳದಲ್ಲಿ ಮಗ್ಗುಲಾಗಿ ಮಲಗಿ ದಿನಗಟ್ಟಲೆ ಏಳದ ಮೀನು, ಇವು ಚೇತರಿಸಿಕೊಳ್ಳುವುದು ಅತಿ ಅಪರೂಪ. ಗಡುವು ಮುಗಿದಿದ್ದರೆ, ನಾಲ್ಕು ಪ್ರಶ್ನೆಗಳ ಉತ್ತರ ಬದಲಾಗದಿದ್ದರೆ, ಅದಕ್ಕೆ ನೋವಿಲ್ಲದ ಸಾವು ಕೊಡುವುದು ನಮ್ಮ ಕೈಯಲ್ಲಿ ಉಳಿದಿರುವ ಕೊನೆಯ ಆರೈಕೆ.

ನಮ್ಮ ಮನೆಗಳಲ್ಲಿ ಈ ಹಂತದಲ್ಲಿ ಎರಡು ಮಾತುಗಳು ಬರುತ್ತವೆ. ಕೊಂದರೆ ಪಾಪ, ಅದರ ಪಾಡಿಗೆ ಬಿಡೋಣ ಎನ್ನುವುದು ಒಂದು. ನನ್ನ ಅತ್ತೆಯವರೂ ಹಾಗೆಯೇ ಹೇಳಿದರು, ಅವರ ಭಾವನೆ ನನಗೆ ಅರ್ಥವಾಗುತ್ತದೆ. ಆದರೆ ಪಾಡಿಗೆ ಬಿಡುವುದೆಂದರೆ ಆ ಮೀನು ಮಗ್ಗುಲಾಗಿ ಬಿದ್ದು, ಬಸವನಹುಳುಗಳೂ ಇತರ ಮೀನುಗಳೂ ಜೀವವಿರುವಾಗಲೇ ರೆಕ್ಕೆ ಕೀಳುತ್ತ, ಹತ್ತು ಹದಿನೈದು ದಿನ ಸಾಯುತ್ತಿರುವುದು ಎಂದರ್ಥ. ಕೊಳವನ್ನು ಕಟ್ಟಿ ಮೀನನ್ನು ಅದರೊಳಗೆ ಕೂಡಿಹಾಕಿದವರು ಮನುಷ್ಯರು, ಆದ್ದರಿಂದ ಅದರ ಪಾಡು ಎಂಬುದು ಬೇರೆ ಇಲ್ಲ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಕೂಡ ಮನುಷ್ಯನ ಹೊರತು ಪ್ರತಿಯೊಂದು ಜೀವಿಯನ್ನೂ ಪ್ರಾಣಿಯೆಂದೇ ಕರೆದು, ಅನಗತ್ಯ ನೋವನ್ನು ತಡೆಯುವ ಕರ್ತವ್ಯವನ್ನು ಅದರ ಹೊಣೆ ಹೊತ್ತವರ ಮೇಲೆ ಇಟ್ಟಿದೆ.

ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಬಿಟ್ಟುಬಿಡೋಣ ಎನ್ನುವುದು ಇನ್ನೊಂದು ಮಾತು. ರೋಗದ ಮೀನು ಅಲ್ಲಿ ಸಾಯುತ್ತದೆ, ಅದರ ಮೈಮೇಲಿನ ಹೇನು ಹುಳುಗಳು ಕೆರೆಯ ಕಾಟ್ಲಾ, ರೋಹುಗಳಿಗೆ ದಾಟುತ್ತವೆ. ಬದುಕಿದರೂ ಕೋಯಿ, ಗೋಲ್ಡ್‌ಫಿಶ್, ಸಕ್ಕರ್ ಮೀನುಗಳು ನಮ್ಮ ನೀರಿಗೆ ಸೇರಿದವಲ್ಲ. ಆರೋಗ್ಯವಂತ ಮೀನನ್ನೂ ಕೆರೆಗೆ ಬಿಡಬಾರದು.

ಏಳನೆಯ ಹೆಜ್ಜೆ: ನೋವಿಲ್ಲದ ಸಾವು

ಪಶುವೈದ್ಯರು ಸಿಕ್ಕರೆ ಅವರಿಂದಲೇ ಮಾಡಿಸಿ. ಸಿಗದಿದ್ದರೆ ಮನೆಯಲ್ಲಿ ಮಾಡಬಹುದಾದ ವಿಧಾನ ಲವಂಗದ ಎಣ್ಣೆಯದು. ಅದರಲ್ಲಿರುವ ಯುಜಿನಾಲ್ ಮೀನಿಗೆ ಅರಿವಳಿಕೆಯಾಗುತ್ತದೆ, ಪ್ರಮಾಣ ಹೆಚ್ಚಿದರೆ ನಿದ್ದೆಯಲ್ಲೇ ಉಸಿರು ನಿಲ್ಲಿಸುತ್ತದೆ. ಗ್ರಂಥಿಗೆ ಅಂಗಡಿಯಲ್ಲಿಯೋ ಮೆಡಿಕಲ್ ಶಾಪಿನಲ್ಲಿಯೋ ಬೇರೆ ಎಣ್ಣೆ ಬೆರೆಸದ ಶುದ್ಧ ಲವಂಗದ ಎಣ್ಣೆಯನ್ನೇ ಕೇಳಿ ತನ್ನಿ, ಅಳೆಯಲು ಸೂಜಿಯಿಲ್ಲದ ಸಿರಿಂಜ್ ಬೇಕು.

ಮೀನು ಪೂರ್ತಿ ಮುಳುಗುವ ಬಕೆಟ್ಟಿಗೆ ಅದೇ ಟಬ್ಬಿನ 10 ಲೀಟರ್ ನೀರು ಹಾಕಿ ಮೀನನ್ನು ನಿಧಾನವಾಗಿ ಬಿಡಿ. ಎಣ್ಣೆ ನೀರಿಗೆ ಬೆರೆಯದ ಕಾರಣ ಒಂದು ಮಿಲಿಲೀಟರನ್ನು ಸಣ್ಣ ಬಾಟಲಿಯ ಉಗುರುಬೆಚ್ಚಗಿನ ನೀರಿನಲ್ಲಿ ಹಾಲಿನಂತಾಗುವವರೆಗೆ ಕುಲುಕಿ, ಕೆಲವು ನಿಮಿಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಸುರಿಯಿರಿ. ಮೀನು ವಾಲಿ ಮಲಗುತ್ತದೆ, ಮುಟ್ಟಿದರೂ ಕದಲುವುದಿಲ್ಲ. ಆಗ ಇನ್ನು ನಾಲ್ಕು ಮಿಲಿಲೀಟರನ್ನು ಹಾಗೆಯೇ ಕುಲುಕಿ ಸೇರಿಸಿ. ಮೊದಲೇ ಪೂರ್ತಿ ಪ್ರಮಾಣ ಹಾಕಿದರೆ ಉರಿಯಿಂದ ಮೀನು ಎಗರಾಡುತ್ತದೆ. ಕಿವಿರಿನ ಅಲುಗಾಟ ಪೂರ್ತಿ ನಿಂತ ಮೇಲೆ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಅದೇ ನೀರಿನಲ್ಲಿ ಬಿಡಿ. ಬೇಗ ತೆಗೆದರೆ ಮತ್ತೆ ಉಸಿರಾಡತೊಡಗುವ ಸಾಧ್ಯತೆ ಇರುತ್ತದೆ. ಖಾತ್ರಿಗೆ ಮೀನನ್ನು ಅತ್ತಿತ್ತ ಹೊರಳಿಸಿ ಕಣ್ಣು ನೋಡಿ: ಪ್ರಜ್ಞೆಯಿರುವ ಮೀನಿನ ಕಣ್ಣು ಮೈ ಹೊರಳಿದರೂ ಮಟ್ಟಸವಾಗಿ ಉಳಿಯಲು ತಿರುಗುತ್ತದೆ, ಇಲ್ಲದ್ದರ ಕಣ್ಣು ಮೈಯೊಂದಿಗೇ ಹೊರಳುತ್ತದೆ. ಇದೆಲ್ಲ ಆದ ಮೇಲೆ, ಮರಳಿ ಬಾರದಿರುವಂತೆ, ಒಂದು ಚೀಲದಲ್ಲಿಟ್ಟು ರಾತ್ರಿಯಿಡೀ ಫ್ರೀಜರಿನಲ್ಲಿರಿಸಿ ಮರುದಿನ ಮಣ್ಣು ಮಾಡಿ.

ಜೀವವಿರುವ, ಎಚ್ಚರವಿರುವ ಮೀನನ್ನು ಫ್ರೀಜರಿಗೆ ಅಥವಾ ಮಂಜುಗಡ್ಡೆಯ ನೀರಿಗೆ ಹಾಕುವುದು, ನೆಲದ ಮೇಲೆ ಬಿಡುವುದು, ಶೌಚಾಲಯಕ್ಕೆ ಸುರಿಯುವುದು, ಬಿಸಿನೀರು ಹಾಕುವುದು ಇವೆಲ್ಲ ದೀರ್ಘ ಯಾತನೆ. ಕೋಯಿ ಮತ್ತು ಗೋಲ್ಡ್‌ಫಿಶ್ ತಂಪು ತಡೆಯುವ ಮೀನುಗಳಾದ್ದರಿಂದ ಮಂಜುಗಡ್ಡೆಯಲ್ಲಿ ಬೇಗ ಸಾಯುವುದೂ ಇಲ್ಲ. ಲವಂಗದ ಎಣ್ಣೆಯಿಂದ ಸತ್ತ ಮೀನನ್ನು ಬೆಕ್ಕಿಗಾಗಲಿ ಕಾಗೆಗಾಗಲಿ ಹಾಕಬಾರದು, ಬಾವಿಯಿಂದ ದೂರದಲ್ಲಿ ಎರಡು ಅಡಿ ಆಳಕ್ಕೆ ಹೂಳಬೇಕು; ಆ ಬಕೆಟ್ಟಿನ ನೀರು ಕೊಳಕ್ಕೆ ಒಂದು ತೊಟ್ಟೂ ಸೇರಬಾರದು. ಮಕ್ಕಳಿದ್ದರೆ ಮೀನು ಓಡಿಹೋಯಿತು ಎಂದು ಹೇಳದೆ ಆದದ್ದನ್ನೇ ಹೇಳಿ.

ಓರೆಯಾಗಿ ತೇಲುತ್ತಿದ್ದ ಆ ಕೋಯಿಗೆ ನಾನು ಟಬ್ಬಿಗೆ ಹಾಕಿದ ಏಳನೆಯ ದಿನ ಇದನ್ನು ಮಾಡಿದೆ, ಇಟ್ಟುಕೊಂಡ ಗಡುವಿಗಿಂತ ಎರಡು ದಿನ ತಡವಾಗಿ. ಆ ಎರಡು ದಿನಗಳ ಬಗ್ಗೆ ನನಗೆ ಇಂದಿಗೂ ದುಃಖವಿದೆ.

ಉಳಿದ ಮೀನುಗಳು ಮತ್ತು ಕೊಳ

ಕೊಳವನ್ನು ವರ್ಷವಿಡೀ ನೋಡಿಕೊಳ್ಳುವವರು ಇದ್ದಾರೆಯೇ ಎಂದು ಮನೆಯವರು ಕೂತು ಮಾತಾಡಿ. ಚೆನ್ನಾಗಿ ಸಾಕಿದ ಕೋಯಿ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಬಾಳುತ್ತದೆ. ನೋಡಿಕೊಳ್ಳುವವರು ಇಲ್ಲವಾದರೆ ಕೊಳವಿರುವ ಬೇರೆ ಮನೆ ಹುಡುಕಿ, ರೋಗದ ವಿಷಯವನ್ನು ಮುಚ್ಚಿಡದೆ ಹೇಳಿ, ಹೊಸ ಮೀನನ್ನು ಮೂರು ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಡಲು ಅವರನ್ನು ಕೇಳಿಕೊಳ್ಳಿ. ಸಾಗಿಸುವ ಹಿಂದಿನ ದಿನ ಆಹಾರ ಬೇಡ. ಚೀಲದಲ್ಲಿ ಮೂರನೆಯ ಒಂದು ಪಾಲು ನೀರು, ಉಳಿದದ್ದು ಆಮ್ಲಜನಕ, ಪ್ರಯಾಣ ತಂಪಾದ ಬೆಳಗಿನ ಹೊತ್ತು. ಮೀನುಗಳು ಹೋದ ಕೊಳವನ್ನು ನೀರಿನೊಂದಿಗೆ ಬಿಟ್ಟರೆ ಸೊಳ್ಳೆಗಳ ತೊಟ್ಟಿಯಾಗುತ್ತದೆ, ಕಪ್ಪೆಮರಿಗಳಿದ್ದರೆ ಅವು ಬೆಳೆದು ಹೊರಹೋಗುವವರೆಗೆ ಕಾದು ಅನಂತರ ಮಣ್ಣು ತುಂಬಿಸಿ.

ಉಳಿಸಿಕೊಳ್ಳುವುದಾದರೆ ಹೂಳನ್ನು ಒಮ್ಮೆಗೆ ಕಾಲುಭಾಗದಂತೆ, ಪ್ರತಿ ಸಲ ಎರಡು ವಾರಗಳ ಅಂತರ ಕೊಟ್ಟು, ಮೀನುಗಳನ್ನು ಟಬ್ಬಿಗೆ ಸ್ಥಳಾಂತರಿಸಿ ತೆಗೆಯಿರಿ. ಒಂದು ಮೀನನ್ನು ಕಳೆದುಕೊಂಡ ಮರುದಿನ ಸೂರ್ಯೋದಯಕ್ಕೆ ಮೊದಲು ಮತ್ತೆ ಕೊಳದ ಬಳಿ ಹೋಗಿ ಉಳಿದವನ್ನು ಎಣಿಸಿ. ಅದೇ ರೋಗದ ಗುರುತು ಇನ್ನೊಂದರ ಮೈಮೇಲೆ ಕಾಣಲು ಹದಿನೈದು ದಿನ ಬೇಕಾಗಬಹುದು, ಆದ್ದರಿಂದ ಅಷ್ಟು ದಿನವೂ ಪುಸ್ತಕದಲ್ಲಿ ಬರೆಯುವುದನ್ನು ನಿಲ್ಲಿಸಬೇಡಿ.